ಎರಡು ನಾಣ್ಯದ ತೂಕದ ಒಪಾಸಮ್: ಚೀಲ ಎಲ್ಲಿ, ಮಾಹಿತಿ ಎಲ್ಲಿ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಾಂಗರೂ ಬಗ್ಗೆ ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು, ದಕ್ಷಿಣ ಅಮೆರಿಕದ ಮಳೆಕಾಡಿನಲ್ಲಿ ‘ಕಲಿನೋವ್‌ಸ್ಕಿ ಮೌಸ್ ಒಪಾಸಮ್’ ಅಂತ ಒಂದು ಪ್ರಾಣಿ ಇದೆ, ಅದೂ ಕಾಂಗರೂ ಗುಂಪಿನದೇ, ಆದರೆ ಅದಕ್ಕೆ ಹೊಟ್ಟೆಚೀಲ ಇಲ್ಲ ಎಂದ. ಫೋಟೋ ನೋಡಿದರೆ ನನಗೆ ಇಲಿ ಥರಾನೇ ಕಂಡಿತು. ಅದು ಇಲಿ ಅಲ್ಲ ಅಂತ ಹೇಗೆ ಹೇಳುವುದು? ಚೀಲ ಇಲ್ಲದಿದ್ದರೆ ಮರಿ ಎಲ್ಲಿರುತ್ತೆ? ಎಷ್ಟು ಹುಡುಕಿದರೂ ನಾಲ್ಕು ಸಾಲಿಗಿಂತ ಜಾಸ್ತಿ ಮಾಹಿತಿ ಸಿಗಲಿಲ್ಲ. ಅಷ್ಟೊಂದು ಅಪರೂಪವಾ? ಅಳಿವಿನ ಅಂಚಿನಲ್ಲಿದೆಯಾ? ಇಂಥ ಪ್ರಾಣಿ ನಮ್ಮ ದೇಶದಲ್ಲಿ ಯಾಕಿಲ್ಲ?

ಉತ್ತರ: ನಿಮ್ಮ ಹುಡುಗ ಹೇಳಿದ್ದು ಸರಿ, ಮೇಷ್ಟ್ರೇ. ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಮಾಡಿದವರಿಗೂ ಈ ಹೆಸರು ಗೊತ್ತಿರುವುದು ಕಡಿಮೆ. ಅವನು ಎಲ್ಲಿ ಓದಿದ ಅಂತ ವಿಚಾರಿಸಿ, ಇಂಥ ಹುಡುಗರನ್ನು ಬಿಡಬಾರದು.

ಮೊದಲು ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ. ವೈಜ್ಞಾನಿಕ ಹೆಸರು ಹೈಲಾಡೆಲ್ಫಿಸ್ ಕಲಿನೋವ್‌ಸ್ಕಿ. ದೊಡ್ಡದಾದ ಮೇಲೂ ಇದರ ತೂಕ 10ರಿಂದ 20 ಗ್ರಾಂ ಒಳಗೇ. ಎರಡು ಹತ್ತು ರೂಪಾಯಿ ನಾಣ್ಯ ಅಂಗೈ ಮೇಲೆ ಇಟ್ಟುಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ಭಾರ. ಮೈ ಎಂಟೊಂಬತ್ತು ಸೆಂಟಿಮೀಟರ್, ಬಾಲ ಅದಕ್ಕಿಂತ ಉದ್ದ. ಬಾಲದಲ್ಲಿ ಕೂದಲು ಇಲ್ಲವೇನೋ ಅನ್ನುವಷ್ಟು ಕಡಿಮೆ, ಕೊಂಬೆ ಸುತ್ತಿ ಹಿಡಿಯಲು ಅದು ಬೇಕು. ಬೆನ್ನು ಕಂದು, ಹೊಟ್ಟೆ ಬಿಳಿ. ಎರಡು ಕಣ್ಣಿನ ಸುತ್ತಲೂ ಅಗಲವಾದ ಕಪ್ಪು ಪಟ್ಟೆ, ನಡುವೆ ಮೂಗಿನ ಮೇಲೆ ತಿಳಿ ಬಣ್ಣದ ಗೆರೆ. ರಾತ್ರಿ ಓಡಾಡುವ ಪ್ರಾಣಿ. ಪೆರು, ಬ್ರೆಜಿಲ್, ಗಯಾನಾ, ಫ್ರೆಂಚ್ ಗಯಾನಾಗಳ ಕಾಡುಗಳಿಂದ ಇದರ ದಾಖಲೆಗಳಿವೆ.

ಈಗ ಇಲಿ ವಿಷಯ. ಫೋಟೋ ನೋಡಿ ಇಲಿ ಅನ್ನಿಸಿದ್ದು ನಿಮ್ಮ ತಪ್ಪಲ್ಲ. ಚೂಪು ಮೂತಿ, ದೊಡ್ಡ ಕಿವಿ, ಉದ್ದ ಬಾಲ. ದೂರದಿಂದ ನೋಡಿದರೆ ಯಾರಿಗಾದರೂ ಇಲಿಯೇ. ಆದರೆ ಬಾಯಿ ತೆರೆಸಿ ನೋಡಿದರೆ ಅನುಮಾನ ಉಳಿಯುವುದಿಲ್ಲ. ನಮ್ಮ ಮನೆ ಇಲಿಗೆ ಇರುವುದು ಒಟ್ಟು 16 ಹಲ್ಲು. ಮುಂದೆ ಮೇಲೊಂದು ಜೋಡಿ, ಕೆಳಗೊಂದು ಜೋಡಿ ಉಳಿಹಲ್ಲು, ಆಮೇಲೆ ಉದ್ದಕ್ಕೂ ಖಾಲಿ ಜಾಗ, ಹಿಂದೆ ಅರೆಯುವ ಹಲ್ಲು. ಒಪಾಸಮ್ ಕುಟುಂಬದ ಪ್ರಾಣಿಗಳಿಗೆ 50 ಹಲ್ಲು! ಮುಂದಿನ ಬಾಚಿಹಲ್ಲುಗಳೇ ಮೇಲೆ ಹತ್ತು, ಕೆಳಗೆ ಎಂಟು. ಅದರ ಪಕ್ಕದಲ್ಲಿ ಕೋರೆಹಲ್ಲು. ಇಲಿಗೆ ಕೋರೆಹಲ್ಲೇ ಇರುವುದಿಲ್ಲ. ಈ 50 ಹಲ್ಲೂ ಆ ಪುಟ್ಟ ಬಾಯಿಯೊಳಗೆ ಸಾಲಾಗಿ ಕೂತಿರುತ್ತವೆ, ಸೂಕ್ಷ್ಮದರ್ಶಕ ಇಲ್ಲದೆ ಎಣಿಸುವುದು ಕಷ್ಟ. ಹಿಂಭಾಗದ ಹಲ್ಲುಗಳ ಮೇಲೆ ಚೂಪಾದ ಮೊನೆಗಳಿರುತ್ತವೆ. ಜೀರುಂಡೆ, ಮಿಡತೆಯಂಥ ಹುಳುಗಳ ಗಟ್ಟಿ ಚಿಪ್ಪು ಒಡೆಯಲು ಹೇಳಿ ಮಾಡಿಸಿದ ಹಲ್ಲು ಅದು.

ಇನ್ನೊಂದು ಗುರುತು ಹಿಂಗಾಲಿನಲ್ಲಿದೆ. ಅಲ್ಲಿನ ಹೆಬ್ಬೆರಳು ನಮ್ಮ ಕೈಯ ಹೆಬ್ಬೆರಳಿನ ಹಾಗೆ ಉಳಿದ ಬೆರಳುಗಳಿಗೆ ಎದುರಾಗಿ ಮಡಚುತ್ತದೆ, ಅದಕ್ಕೆ ಉಗುರೂ ಇಲ್ಲ. ಸಣ್ಣ ರೆಂಬೆಯನ್ನು ಹಿಡಿದುಕೊಳ್ಳಲು ಇದು ಸಾಕು. ಫೋಟೋದಲ್ಲಿ ಹಿಂಗಾಲು ಸರಿಯಾಗಿ ಕಂಡರೆ ಮಕ್ಕಳೇ ಇದನ್ನು ಗುರುತಿಸಬಹುದು.

ಚೀಲದ ಪ್ರಶ್ನೆಗೆ ಬರುತ್ತೇನೆ. ನಮ್ಮ ಪಠ್ಯಪುಸ್ತಕಗಳು ‘ಹೊಟ್ಟೆಚೀಲದ ಪ್ರಾಣಿಗಳು’ ಅಂತಲೇ ಹೇಳಿಕೊಡುವುದರಿಂದ ಚೀಲ ಇದ್ದೇ ಇರಬೇಕು ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ. ಈ ಗುಂಪಿನ ಅಸಲಿ ಗುಣ ಚೀಲದಲ್ಲಿಲ್ಲ, ಹೆರಿಗೆಯಲ್ಲಿದೆ. ಮರಿ ತೀರಾ ಬೇಗ, ಪೂರ್ತಿ ಬೆಳೆಯುವ ಮೊದಲೇ ಹುಟ್ಟಿಬಿಡುತ್ತದೆ. ನಮ್ಮಲ್ಲಿ ಗರ್ಭದೊಳಗೆ ನಡೆಯುವ ಬೆಳವಣಿಗೆಯ ಬಹುಪಾಲು ಅವುಗಳಲ್ಲಿ ಹೊರಗೆ, ತಾಯಿಯ ಮೊಲೆಗೆ ಕಚ್ಚಿಕೊಂಡೇ ನಡೆಯುತ್ತದೆ. ಕಾಂಗರೂ ಅದಕ್ಕೊಂದು ಚೀಲ ಹೊಲಿದುಕೊಂಡಿದೆ. ಒಪಾಸಮ್‌ಗಳಲ್ಲೂ ದೊಡ್ಡವಕ್ಕೆ ಚೀಲ ಇದೆ. ಸಣ್ಣ ಒಪಾಸಮ್‌ಗಳಲ್ಲಿ ಬಹಳಷ್ಟಕ್ಕೆ ಇಲ್ಲ.

ಇದೇ ಕುಟುಂಬದ ಇನ್ನೊಂದು ಪ್ರಾಣಿಯನ್ನು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಬೂದು ಬಣ್ಣದ ಗಿಡ್ಡಬಾಲದ ಒಪಾಸಮ್ ಅಂತ ಒಂದಿದೆ, ಹೆಸರು ಮೊನೊಡೆಲ್ಫಿಸ್ ಡೊಮೆಸ್ಟಿಕಾ. ಪ್ರಯೋಗಾಲಯಗಳಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸಾಕುತ್ತಾರೆ, ಹಾಗಾಗಿ ಅದರ ಹೆರಿಗೆಯ ಪ್ರತಿ ಹಂತವೂ ದಾಖಲಾಗಿದೆ. ಅದು ಗರ್ಭ ಧರಿಸಿದ ಸುಮಾರು 14 ದಿನಕ್ಕೆ ಹೆರುತ್ತದೆ. ಹುಟ್ಟಿದ ಮರಿಯ ತೂಕ ಸುಮಾರು 0.1 ಗ್ರಾಂ. ಕಣ್ಣಿಲ್ಲ, ಕಿವಿಯಿಲ್ಲ, ಹಿಂಗಾಲು ಬರೀ ಮೊಗ್ಗು. ಮುಂಗಾಲು ಮಾತ್ರ ಗಟ್ಟಿ, ಅದರಲ್ಲೇ ತೆವಳಿಕೊಂಡು ಮೊಲೆ ಹುಡುಕುತ್ತದೆ. ಬಾಯಿಗೆ ಸಿಕ್ಕ ಮೊಲೆತೊಟ್ಟು ಒಳಗೇ ಊದಿಕೊಳ್ಳುತ್ತದೆ, ಮರಿ ಅಲ್ಲೇ ಬಿಗಿಯಾಗಿ ಕೂತುಬಿಡುತ್ತದೆ. ತಾಯಿ ಓಡಾಡಿದರೂ ಮರಿಗಳು ಹೊಟ್ಟೆಗೆ ಅಂಟಿಕೊಂಡೇ ಇರುತ್ತವೆ. ಕೆಲವು ವಾರವಾದ ಮೇಲೆ ಬಾಯಿ ಬಿಟ್ಟು ಗೂಡಿನಲ್ಲಿ ಉಳಿಯುತ್ತವೆ. ಚೀಲ ಇಲ್ಲದ ತಾಯಿ ಹೀಗೆ ಸಂಭಾಳಿಸುತ್ತದೆ.

ಗಿಡ್ಡಬಾಲದ ಆ ಒಪಾಸಮ್‌ಗೆ ಸಾಮಾನ್ಯವಾಗಿ 13 ಮೊಲೆತೊಟ್ಟು. ನಿಮ್ಮ ಹುಡುಗ ಹೇಳಿದ ಪ್ರಾಣಿಗೆ ನಾಲ್ಕೇ! ಒಪಾಸಮ್ ಕುಟುಂಬದಲ್ಲಿ ಇದು ಬಹಳ ಕಡಿಮೆ. ಮೊಲೆ ಸಿಗದ ಮರಿ ಬದುಕುವುದಿಲ್ಲವಾದ್ದರಿಂದ ಇದು ಒಮ್ಮೆಗೆ ನಾಲ್ಕಕ್ಕಿಂತ ಜಾಸ್ತಿ ಮರಿ ಸಾಕಲಾರದು ಅಂತ ಲೆಕ್ಕ ಹಾಕಬಹುದು. ಯಾರೂ ಗೂಡಿನ ಮುಂದೆ ಕಾದು ಕೂತು ಪತ್ತೆ ಮಾಡಿದ ಸಂಗತಿಯಲ್ಲ ಇದು. ಮ್ಯೂಸಿಯಂನಲ್ಲಿಟ್ಟ ಮಾದರಿಯಲ್ಲಿ ತೊಟ್ಟು ಎಣಿಸಿ ಹೇಳಿದ್ದು. ಈ ಪ್ರಾಣಿಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಮುಕ್ಕಾಲು ಪಾಲು ಹೀಗೇ, ಸತ್ತ ಮೈಯನ್ನು ಲೆನ್ಸ್ ಕೆಳಗೆ ಇಟ್ಟು ಓದಿಕೊಂಡದ್ದು.

ಇಲ್ಲಿಂದ ಮುಂದೆ ನಿಮ್ಮ ಮುಖ್ಯ ಪ್ರಶ್ನೆ: ಮಾಹಿತಿ ಯಾಕೆ ಇಲ್ಲ, ಅಷ್ಟೊಂದು ಅಪರೂಪವಾ? ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಪ್ರಾಣಿ ಅಪರೂಪ ಅನ್ನುವುದಕ್ಕಿಂತ, ನಾವು ಪ್ರಾಣಿ ಹಿಡಿಯುವ ರೀತಿಗೆ ಇದು ಸಿಗುವುದಿಲ್ಲ ಅನ್ನುವುದು ಹೆಚ್ಚು ಸರಿ. ಇದರ ಕಥೆಯನ್ನೇ ನೋಡಿ.

ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಫಿಲಿಪ್ ಹರ್ಷ್‌ಕೋವಿಟ್ಜ್ ಎಂಬ ವಿಜ್ಞಾನಿ ಇದ್ದರು. ದಕ್ಷಿಣ ಅಮೆರಿಕದ ಸಸ್ತನಿಗಳ ಬಗ್ಗೆ ಇಡೀ ಜೀವನ ಕೆಲಸ ಮಾಡಿದವರು. ಅವರು ಈ ಪ್ರಾಣಿಗೆ ಹೆಸರಿಟ್ಟದ್ದು 1992ರಲ್ಲಿ. ಆಧಾರವಾಗಿ ಇಟ್ಟುಕೊಂಡ ಮಾದರಿ ಪೆರು ದೇಶದ ಕುಸ್ಕೊ ಪ್ರಾಂತ್ಯದ್ದು, ಆಂಡೀಸ್ ಬೆಟ್ಟ ಇಳಿದು ಅಮೆಜಾನ್ ಕಡೆಗೆ ಹೋಗುವ ಮಾರ್ಕಪಾಟ ಕಣಿವೆಯದು. ಹೆಸರಿನಲ್ಲಿರುವ ಕಲಿನೋವ್‌ಸ್ಕಿ ಪೆರುವಿನ ಪ್ರಾಣಿ-ಪಕ್ಷಿ ಲೋಕದಲ್ಲಿ ದೊಡ್ಡ ಮನೆತನ. ತಂದೆ ಯಾನ್ ಪೋಲೆಂಡಿನಿಂದ ಬಂದು ನೆಲೆಸಿ ಪಕ್ಷಿ, ಪ್ರಾಣಿಗಳನ್ನು ಸಂಗ್ರಹಿಸಿದವರು. ಮಗ ಸೆಲೆಸ್ಟಿನೊ ಫೀಲ್ಡ್ ಮ್ಯೂಸಿಯಂಗೆ ಮಾದರಿ ಕಳಿಸುತ್ತಿದ್ದರು. ಪೆರುವಿನ ಮನು ಎಂಬ ಕಾಡನ್ನು ಉಳಿಸಿ ಅಂತ ಸರ್ಕಾರದ ಬೆನ್ನು ಹತ್ತಿದವರಲ್ಲಿ ಅವರೂ ಒಬ್ಬರು. ಅದು 1973ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಹರ್ಷ್‌ಕೋವಿಟ್ಜ್ ಇದನ್ನು ‘ಗ್ರಾಸಿಲಿನಾನಸ್’ ಎಂಬ ಸಣ್ಣ ಒಪಾಸಮ್‌ಗಳ ಕುಲಕ್ಕೆ ಸೇರಿಸಿದ್ದರು. ಇರಲಿ, ನೋಡಲು ಹಾಗೇ ಇತ್ತು. ಅಲ್ಲಿಂದ ಕಥೆ ಫ್ರೆಂಚ್ ಗಯಾನಾಕ್ಕೆ ಹೋಗುತ್ತದೆ. ಯುರೋಪಿನವರು ರಾಕೆಟ್ ಹಾರಿಸುವ ಕೂರೂ ಊರಿಗೆ ಹತ್ತಿರದಲ್ಲೇ ಪರಾಕೂ ಅಂತ ಒಂದು ಸಂಶೋಧನಾ ಕಾಡಿದೆ. 1990ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ರಾಬರ್ಟ್ ವಾಸ್ ಮತ್ತು ಸಂಗಡಿಗರು ಅಲ್ಲಿನ ಸಸ್ತನಿಗಳ ಪೂರ್ತಿ ಪಟ್ಟಿ ಮಾಡಲು ಹೊರಟರು. ಒಂದೇ ಉಪಾಯಕ್ಕೆ ಜೋತು ಬೀಳದೆ ಬೋನು, ಗುಂಡಿ, ಬಲೆ, ರಾತ್ರಿ ಟಾರ್ಚ್ ಹಿಡಿದು ನಡೆಯುವುದು ಎಲ್ಲವನ್ನೂ ಬಳಸಿದರು. ಆಗ ಈ ಪುಟಾಣಿಯೂ ಸಿಕ್ಕಿತು.

ಬೋನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಎಲ್ಲ ಇರುವುದು ಅಲ್ಲೇ. ಸಣ್ಣ ಸಸ್ತನಿಗಳ ಸರ್ವೆಗೆ ಪ್ರಪಂಚದಾದ್ಯಂತ ಬಳಸುವುದು ಶೆರ್ಮನ್ ಬೋನು. ಮಡಚಿಡಬಹುದಾದ ಅಲ್ಯೂಮಿನಿಯಂ ಡಬ್ಬಿ. ಒಳಗೆ ತಿಂಡಿ ಇಟ್ಟಿರುತ್ತೇವೆ. ಪ್ರಾಣಿ ಒಳಗೆ ಹೋಗಿ ಒಂದು ತಗಡಿನ ಮೇಲೆ ಕಾಲಿಟ್ಟರೆ ಆ ಭಾರಕ್ಕೆ ಕೊಕ್ಕೆ ಬಿಟ್ಟು ಬಾಗಿಲು ಮುಚ್ಚುತ್ತದೆ. ಇಲಿಗೆ ಇದು ಸರಿ. ಹತ್ತು-ಹನ್ನೆರಡು ಗ್ರಾಂ ಪ್ರಾಣಿ ಆ ತಗಡಿನ ಮೇಲೆ ನಡೆದು, ತಿಂಡಿ ತಿಂದು, ಆರಾಮಾಗಿ ವಾಪಸ್ ಹೋಗಬಹುದು. ಕೊಕ್ಕೆ ಎಷ್ಟು ಸಡಿಲ ಮಾಡಿಟ್ಟರೂ ಮಳೆಕಾಡಿನ ತೇವಕ್ಕೆ, ಕೆಸರಿಗೆ ಅದು ಮತ್ತೆ ಬಿಗಿಯಾಗುತ್ತದೆ. ಅಷ್ಟರಲ್ಲಿ ಇರುವೆಗಳು ತಿಂಡಿ ಖಾಲಿ ಮಾಡಿರುತ್ತವೆ. ಮೇಲಾಗಿ ಬೋನುಗಳನ್ನು ಬಹುತೇಕ ನೆಲದ ಮೇಲೇ ಇಡುತ್ತಾರೆ, ಮರ ಹತ್ತಿ ಕಟ್ಟುವುದು ಕಷ್ಟದ ಕೆಲಸ. ಈ ಪ್ರಾಣಿ ಓಡಾಡುವುದು ಗಿಡಮರದ ಮೇಲೆ. ಹುಳ ತಿನ್ನುವುದಕ್ಕೆ ಬಾಳೆಹಣ್ಣಿನ ಚೂರು ಇಟ್ಟು ಕಾದರೆ ಅದು ಬರುವುದಾದರೂ ಹೇಗೆ?

ಗುಂಡಿ ಬಲೆ ಬೇರೆ ಥರ. ಪ್ಲಾಸ್ಟಿಕ್ ಬಕೆಟ್‌ಗಳನ್ನು ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಸಾಲಾಗಿ ಹೂಳುತ್ತಾರೆ. ಮಳೆ ನೀರು ನಿಲ್ಲದಿರಲಿ ಅಂತ ತಳಕ್ಕೆ ತೂತು. ಬಕೆಟ್‌ನಿಂದ ಬಕೆಟ್‌ಗೆ ಪ್ಲಾಸ್ಟಿಕ್ ಹಾಳೆಯ ಗಿಡ್ಡ ಬೇಲಿ. ನೆಲಕ್ಕೆ ಇಳಿದ ಸಣ್ಣ ಪ್ರಾಣಿ ಬೇಲಿಗೆ ಅಡ್ಡ ಸಿಕ್ಕರೆ ಪಕ್ಕಕ್ಕೆ ಸರಿಯುತ್ತಾ ಹೋಗಿ ಬಕೆಟ್‌ಗೆ ಬೀಳುತ್ತದೆ. ಇದಕ್ಕೆ ತಿಂಡಿ ಬೇಡ, ಭಾರ ಬೇಡ. ತುಂಬಾ ಹಗುರದ ಪ್ರಾಣಿಗಳು ಹೀಗೆ ಸಿಗುತ್ತವೆ, ಈ ಒಪಾಸಮ್ ಕೂಡ ಹೀಗೆ ಸಿಕ್ಕಿದೆ. ಆದರೆ ಬೇರು, ಕಲ್ಲು ತುಂಬಿದ ನೆಲದಲ್ಲಿ ಗುಂಡಿ ತೋಡುವುದು ಬೆನ್ನು ಮುರಿಯುವ ಕೆಲಸ, ಹಾಗಾಗಿ ಎಲ್ಲರೂ ಇದಕ್ಕೆ ಕೈ ಹಾಕುವುದಿಲ್ಲ. ನಮ್ಮ ಘಟ್ಟದಲ್ಲಿ ಕೆಲಸ ಮಾಡುವವರಿಗೂ ಈ ಪಾಡು ಗೊತ್ತು. ಕೂದಲು ತುಂಬಿದ ಬಾಲದ ಮಲಬಾರ್ ಸ್ಪೈನಿ ಡಾರ್ಮೌಸ್ ಮರದ ಪ್ರಾಣಿ. ನೆಲದ ಮೇಲೆ ಬೋನು ಇಟ್ಟವರು ಆ ಕಾಡಿನಲ್ಲಿ ಅದು ಇಲ್ಲ ಅಂತ ಬರೆದುಕೊಂಡು ಹೋಗುವ ಸಾಧ್ಯತೆಯೇ ಜಾಸ್ತಿ. ಅದು ಇಲಿಗಳ ಬಳಗದ್ದೇ, ಒಪಾಸಮ್‌ಗೂ ಅದಕ್ಕೂ ನಂಟಿಲ್ಲ.

ಸಿಕ್ಕ ಮೇಲೆ ಎರಡನೆಯ ತೊಡಕು. ಇಷ್ಟು ಚಿಕ್ಕದನ್ನು ನೋಡಿದವರು ಸಹಜವಾಗಿ ‘ಇದು ಯಾವುದೋ ದೊಡ್ಡ ಒಪಾಸಮ್‌ನ ಮರಿ’ ಅಂದುಕೊಳ್ಳುತ್ತಾರೆ. ಮರಿಯೋ ದೊಡ್ಡದೋ ಅಂತ ತೀರ್ಮಾನಿಸುವುದು ಮತ್ತೆ ಹಲ್ಲಿನಿಂದಲೇ. ಹಿಂದಿನ ನಾಲ್ಕನೆಯ ದವಡೆಹಲ್ಲು ಪೂರ್ತಿ ಬಂದಿದ್ದರೆ ಅದು ಮರಿಯಲ್ಲ, ಬೆಳೆದ ಪ್ರಾಣಿ ಎಂದರ್ಥ. ಬುರುಡೆಯನ್ನು ಶುಚಿ ಮಾಡಿ ಲೆನ್ಸ್ ಕೆಳಗೆ ನೋಡದೆ ಇದು ಗೊತ್ತಾಗುವುದಿಲ್ಲ.

ಹಾಲುಹಲ್ಲಿನ ಕಥೆ ಇನ್ನೂ ಚೆನ್ನಾಗಿದೆ. ನಮಗೆ ಬಾಲ್ಯದಲ್ಲಿ 20 ಹಾಲುಹಲ್ಲು ಬಿದ್ದು ಹೊಸವು ಬರುತ್ತವೆ ಅಲ್ವಾ? ಕಾಂಗರೂ, ಒಪಾಸಮ್ ಬಳಗದಲ್ಲಿ ಹಾಗಲ್ಲ. ದವಡೆಯ ಪ್ರತಿ ಪಕ್ಕದಲ್ಲಿ ಒಂದೇ ಒಂದು ಹಲ್ಲು ಬಿದ್ದು ಹುಟ್ಟುತ್ತದೆ, ಮೂರನೆಯ ಮುಂದವಡೆಹಲ್ಲು. ಬೇರೆ ಒಪಾಸಮ್ ಮರಿಗಳಲ್ಲಿ ಆ ಹಾಲುಹಲ್ಲು ಸಾಕಷ್ಟು ದೊಡ್ಡದಾಗಿ, ದವಡೆಹಲ್ಲಿನಂತೆಯೇ ಇರುತ್ತದೆ. ಇದರಲ್ಲಿ ಮಾತ್ರ ಅದು ಹೆಸರಿಗೆ ಒಂದು ಚುಕ್ಕೆ, ಏನೂ ಅಗಿಯಲು ಆಗದಷ್ಟು ಸಣ್ಣದು. ಇಂಥ ಹಲವು ವ್ಯತ್ಯಾಸಗಳನ್ನು ಕಂಡು ವಾಸ್, ಡ್ಯಾರಿನ್ ಲುಂಡೆ, ನ್ಯಾನ್ಸಿ ಸಿಮನ್ಸ್ ಮೂವರು 2001ರಲ್ಲಿ ಇದನ್ನು ಗ್ರಾಸಿಲಿನಾನಸ್‌ನಿಂದ ಹೊರಗೆ ತೆಗೆದು ಹೈಲಾಡೆಲ್ಫಿಸ್ ಎಂಬ ಹೊಸ ಕುಲ ಮಾಡಿದರು. 2005ರಲ್ಲಿ ಶರನ್ ಜಾನ್ಸಾ ಮತ್ತು ವಾಸ್ ಡಿಎನ್ಎ ಓದಿ ನೋಡಿದಾಗ ಅದೂ ಈ ಮಾತನ್ನೇ ಹೇಳಿತು. ಗ್ರಾಸಿಲಿನಾನಸ್‌ಗೂ ಇದಕ್ಕೂ ಹತ್ತಿರದ ಸಂಬಂಧವೇ ಇಲ್ಲ. ಒಪಾಸಮ್ ಕುಟುಂಬದ ಮರದಲ್ಲಿ ಬಹಳ ಹಿಂದೆಯೇ ಕವಲೊಡೆದು ಒಂಟಿಯಾಗಿ ಬಂದ ಕೊಂಬೆ ಇದು. 2009ರಲ್ಲಿ ಇವರಿಬ್ಬರೂ ಇದಕ್ಕೆ ಪ್ರತ್ಯೇಕ ಉಪಕುಟುಂಬವನ್ನೇ ಕೊಟ್ಟರು. 120ಕ್ಕೂ ಹೆಚ್ಚು ಜಾತಿಗಳಿರುವ ಕುಟುಂಬದಲ್ಲಿ ನಾಲ್ಕೇ ಉಪಕುಟುಂಬ. ಅದರಲ್ಲಿ ಒಂದು ಪೂರ್ತಿ ಈ ನಾಣ್ಯ ತೂಕದವನ ಪಾಲಿಗೆ!

ಕಥೆ ಅಲ್ಲಿಗೂ ಮುಗಿದಿಲ್ಲ. ಪೆರುವಿನ ಮಾದರಿ ಸಿಕ್ಕ ಜಾಗಕ್ಕೂ ಪರಾಕೂಗೂ ನಡುವೆ ಎರಡೂವರೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಕಾಡು, ದೊಡ್ಡ ದೊಡ್ಡ ನದಿಗಳು. ಬ್ರೆಜಿಲ್‌ನಿಂದ ಮೊದಲ ದಾಖಲೆ ಪ್ರಕಟವಾದದ್ದೇ 2006ರಲ್ಲಿ. ಈ ಉದ್ದಕ್ಕೂ ಇರುವುದೆಲ್ಲ ಒಂದೇ ಜಾತಿ ಅಂತ ಒಪ್ಪಲು ವಿಜ್ಞಾನಿಗಳು ಹಿಂಜರಿಯುತ್ತಾರೆ. ಒಂದಕ್ಕಿಂತ ಹೆಚ್ಚು ಜಾತಿ ಒಂದೇ ಹೆಸರಿನಡಿ ಸೇರಿಕೊಂಡಿರಬಹುದು ಎಂಬ ಅನುಮಾನ ಬಲವಾಗಿದೆ.

ಹೋಲಿಸಿ ನೋಡಿ. ಮೇಲೆ ಹೇಳಿದ ಗಿಡ್ಡಬಾಲದ ಒಪಾಸಮ್‌ನ ಇಡೀ ಜೀನೋಮ್ 2007ರಲ್ಲೇ ಓದಿ ಮುಗಿಸಿದ್ದಾರೆ. ಹೊಟ್ಟೆಚೀಲದ ಬಳಗದಲ್ಲಿ ಜೀನೋಮ್ ಓದಿಸಿಕೊಂಡ ಮೊದಲ ಪ್ರಾಣಿ ಅದು, ಕಾಂಗರೂಗಿಂತ ಮುಂಚೆ. ಪೆಟ್ಟಿಗೆಯಲ್ಲಿ ಬದುಕುತ್ತದೆ, ಮರಿ ಹಾಕುತ್ತದೆ, ಆದ್ದರಿಂದ ಅದರ ಬಗ್ಗೆ ರಾಶಿ ಸಂಶೋಧನೆ. ಅದೇ ಕುಟುಂಬದ ಇನ್ನೊಂದು ಬೋನಿಗೆ ಬೀಳುವುದಿಲ್ಲ, ಆದ್ದರಿಂದ ನಾಲ್ಕು ಸಾಲು. ಯಾವ ಪ್ರಾಣಿಯ ಬಗ್ಗೆ ಎಷ್ಟು ತಿಳಿದಿದೆ ಅನ್ನುವುದಕ್ಕೆ ಅದು ಎಷ್ಟು ಸುಲಭವಾಗಿ ಕೈಗೆ ಸಿಗುತ್ತದೆ ಅನ್ನುವುದೇ ಅರ್ಧ ಕಾರಣ.

ಹಾಗಾದರೆ ಅಳಿವಿನ ಅಂಚಿನಲ್ಲಿದೆಯಾ? ಯಾವ ಜೀವಿಗೆ ಎಷ್ಟು ಅಪಾಯ ಅಂತ ಹೇಳುವ ಅಂತರರಾಷ್ಟ್ರೀಯ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಇದು ಕನಿಷ್ಠ ಆತಂಕದ ಗುಂಪಿನಲ್ಲಿದೆ. ಅಷ್ಟು ಅಗಲಕ್ಕೆ ಹರಡಿದೆ, ಇನ್ನೂ ದೊಡ್ಡ ದೊಡ್ಡ ಕಾಡು ಉಳಿದಿರುವ ಪ್ರದೇಶ ಅನ್ನುವುದು ಅದಕ್ಕೆ ಆಧಾರ. ಹುಡುಗರಿಗೆ ‘ಅಪರೂಪದ ಪ್ರಾಣಿ, ಇನ್ನೇನು ನಾಶವಾಗುತ್ತೆ’ ಅಂತ ಹೇಳಬೇಡಿ. ಅಪರೂಪಕ್ಕೆ ಕಾಣಿಸುವುದು ಬೇರೆ, ಅಪರೂಪವಾಗಿರುವುದು ಬೇರೆ. ಆದರೆ ನನಗೊಂದು ತಕರಾರಿದೆ. ಮೇಲೆ ಹೇಳಿದ ಅನುಮಾನ ನಿಜವಾಗಿ, ಒಂದು ಹೆಸರಿನಡಿ ಎರಡು ಮೂರು ಜಾತಿ ಇದ್ದರೆ ಒಂದೊಂದರ ಜಾಗವೂ ಅಷ್ಟರ ಮಟ್ಟಿಗೆ ಕಿರಿದಾಗುತ್ತದೆ. ಆಗ ಈ ನಿರಾಳ ಎಷ್ಟು ದಿನ? ಅಮೆಜಾನ್‌ನ ದಕ್ಷಿಣ ಅಂಚಿನಲ್ಲಿ ದನದ ಹುಲ್ಲುಗಾವಲಿಗೆ, ಸೋಯಾ ಬೆಳೆಗೆ ಕಾಡು ಕಡಿಯುವುದು ನಡೆದೇ ಇದೆ.

ಇಂಥವು ನಮ್ಮಲ್ಲಿ ಯಾಕಿಲ್ಲ ಅಂತ ಕೇಳಿದ್ದೀರಿ. ಈಗ ಇಲ್ಲ, ಆದರೆ ಇದ್ದವು! ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಒಪಾಸಮ್‌ನಂಥ ಒಂದು ಪುಟ್ಟ ಪ್ರಾಣಿಯ ಹಲ್ಲುಗಳು ಸಿಕ್ಕಿವೆ. 2005ರಲ್ಲಿ ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು ಅದಕ್ಕೆ ‘ಇಂಡೋಡೆಲ್ಫಿಸ್’ ಅಂತ ಹೆಸರಿಟ್ಟರು. ವಯಸ್ಸು ಐದು ಕೋಟಿ ವರ್ಷಕ್ಕೂ ಮೇಲೆ. ಆ ಕಾಲದಲ್ಲಿ ಇಂಥ ಪ್ರಾಣಿಗಳು ಉತ್ತರ ಅಮೆರಿಕ, ಯುರೋಪ್‌ಗಳಲ್ಲೂ ಇದ್ದವು. ಕ್ರಮೇಣ ಉತ್ತರದ ಖಂಡಗಳಲ್ಲಿ ಅಳಿದುಹೋದವು. ದಕ್ಷಿಣ ಅಮೆರಿಕ ಕೋಟ್ಯಂತರ ವರ್ಷ ದ್ವೀಪವಾಗಿದ್ದದ್ದರಿಂದ ಅಲ್ಲಿ ಉಳಿದು ಬೆಳೆದವು. ಅದು ಹಾಗೆ ದ್ವೀಪವಾಗುವ ಮೊದಲು ಅಲ್ಲಿಂದಲೇ, ಆಗ ಹಿಮವಿಲ್ಲದೆ ಕಾಡಾಗಿದ್ದ ಅಂಟಾರ್ಕ್ಟಿಕಾ ದಾಟಿ ಆಸ್ಟ್ರೇಲಿಯಾಕ್ಕೆ ಹೋದವುಗಳ ವಂಶವೇ ಕಾಂಗರೂ. ಈ ದಾರಿಯ ಪುರಾವೆ ಅಂಟಾರ್ಕ್ಟಿಕಾದ ಸೆಮೋರ್ ದ್ವೀಪದಲ್ಲಿ ಸಿಕ್ಕಿದ್ದು, 1982ರಲ್ಲಿ ಪ್ರಕಟವಾಯಿತು. ಹಾಗಾಗಿ ‘ಕಾಂಗರೂ ಗುಂಪಿನ ಒಪಾಸಮ್’ ಅಂತ ಹುಡುಗ ಹೇಳಿದ್ದರಲ್ಲಿ ಸಣ್ಣ ತಿದ್ದುಪಡಿ ಬೇಕಾದರೆ ಮಾಡಬಹುದು: ಕಾಂಗರೂವಿನ ಹಿರಿಯರು ಹೊರಟದ್ದು ಒಪಾಸಮ್‌ಗಳ ನಾಡಿನಿಂದ.

ಒಂದು ಸಣ್ಣ ಎಚ್ಚರಿಕೆ. ಬೆಂಗಳೂರಿನ ಸಾಕುಪ್ರಾಣಿ ಅಂಗಡಿಗಳಲ್ಲಿ ‘ಶುಗರ್ ಗ್ಲೈಡರ್’ ಅಂತ ಮಾರುತ್ತಾರಲ್ಲ, ಮಕ್ಕಳು ಅದನ್ನು ನೋಡಿ ಇದೇ ಅನ್ನಬಹುದು. ಅದು ಆಸ್ಟ್ರೇಲಿಯಾ ಕಡೆಯದು, ಮುಂಗಾಲಿನಿಂದ ಹಿಂಗಾಲಿಗೆ ಚರ್ಮದ ಪೊರೆ ಇರುತ್ತದೆ, ತೇಲುತ್ತದೆ. ದೂರದ ನಂಟು ಅಷ್ಟೇ. ಹಾಗೇ ಸತ್ತಂತೆ ನಟಿಸುವ ಒಪಾಸಮ್ ಅಂತ ವಿಡಿಯೋ ತೋರಿಸುತ್ತಾರೆ. ಅದು ಅಮೆರಿಕದ ಊರುಗಳಲ್ಲಿ ಕಸದ ಡಬ್ಬ ಕೆದಕುವ ವರ್ಜೀನಿಯಾ ಒಪಾಸಮ್, ದೊಡ್ಡ ಗಂಡು ಐದು ಕೆಜಿವರೆಗೂ ತೂಗುತ್ತದೆ. ಸುಮ್ನೆ ಹೆಸರು ಒಂದೇ ಅಂತ ಅದರ ಗುಣವನ್ನೆಲ್ಲ ಈ ಪುಟಾಣಿಯ ತಲೆಗೆ ಕಟ್ಟಬೇಡಿ.

ಕ್ಲಾಸಿನಲ್ಲಿ ತೋರಿಸಲು ಏನಾದರೂ ಬೇಕಿದ್ದರೆ ಸತ್ತ ಇಲಿಯ ತಲೆಬುರುಡೆ ಎಲ್ಲಾದರೂ ಸಿಗುತ್ತದೆ. ಕೈಗವಸು ಹಾಕಿಕೊಂಡು ಸೋಪಿನ ನೀರಿನಲ್ಲಿ ಕುದಿಸಿ ಶುಚಿ ಮಾಡಿ, ಹಲ್ಲು ಎಣಿಸಲು ಮಕ್ಕಳ ಕೈಗೆ ಲೆನ್ಸ್ ಕೊಡಿ. ಪಕ್ಕದಲ್ಲಿ ಒಪಾಸಮ್ ಬುರುಡೆಯ ಚಿತ್ರ ಇಡಿ. ಹಲವು ಮ್ಯೂಸಿಯಂಗಳ ತಾಣಗಳಲ್ಲಿ ವರ್ಜೀನಿಯಾ ಒಪಾಸಮ್‌ನದು ಸಿಗುತ್ತದೆ, ಹಲ್ಲಿನ ಲೆಕ್ಕ ಅದರದೂ 50ರದ್ದೇ. ಹದಿನಾರಕ್ಕೂ ಐವತ್ತಕ್ಕೂ ಇರುವ ಅಂತರವನ್ನು ಆ ಹುಡುಗನೇ ಬೋರ್ಡಿನ ಮೇಲೆ ಬರೆಯಲಿ.